ಟ್ರೌಟಾಭಾವ ಪ್ರಕರಣ

ತರ್ಕಶಾಸ್ತ್ರದವರಿಗೆ ಒಂದು ಗಡಿಗೆ ಸಾಕು. ನೆಲದ ಮೇಲೆ ಗಡಿಗೆ ಇದ್ದರೆ ಅವರಿಗೆ ಅಂಥ ಕುತೂಹಲವೇನಿಲ್ಲ. ಇಲ್ಲದಿದ್ದರೆ ಮಾತ್ರ ಕಣ್ಣು ಅರಳುತ್ತದೆ. ಕುಂಬಾರ ಇನ್ನೂ ಮಾಡಿಲ್ಲವೆಂದು ಇಲ್ಲವೋ, ಒಡೆದುಹೋಯಿತೆಂದು ಇಲ್ಲವೋ, ಅಲ್ಲಿ ಮೂರು ಕಾಲಕ್ಕೂ ಇರುವಂಥದ್ದೇ ಅಲ್ಲವೆಂದು ಇಲ್ಲವೋ, ಅಥವಾ ಅಲ್ಲಿರುವುದು ಗಡಿಗೆಯೇ ಅಲ್ಲ, ಬಟ್ಟೆಯೋ? ಹೀಗೆ ‘ಇಲ್ಲ’ದರಲ್ಲೇ ನಾಲ್ಕು ಬಗೆ ಕಂಡು, ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ಹೆಸರಿಟ್ಟು, ಅಭಾವವನ್ನೇ ಏಳನೆಯ ಪದಾರ್ಥವಾಗಿ ಪಟ್ಟಿಗೆ ಸೇರಿಸಿಬಿಟ್ಟರು. ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡಿದ್ದ ನನಗೆ ಇದು ಕೆಲಸವಿಲ್ಲದವರ ಕೆಲಸ ಅನ್ನಿಸಿತ್ತು. ಆಮೇಲೆ ಕೆನಡಾಕ್ಕೆ ಬಂದೆ. ಆಂಟಾರಿಯೋ ಪ್ರಾಂತ್ಯದ ಅಲ್ಗಾಂಕ್ವಿನ್ ಕಾಡಿನಲ್ಲಿ ವಸಂತಕ್ಕೊಮ್ಮೆ ದೋಣಿ ಹೊತ್ತು, ಬ್ರೂಕ್ ಟ್ರೌಟ್ ಎಂಬ ಮೀನನ್ನು ಎಂಟು ವರ್ಷ ಒಂದೂ ತಪ್ಪದೆ ಹಿಡಿಯದೇ ಬಂದೆ. ಈಗ ಆ ತಾರ್ಕಿಕರ ಮೇಲೆ ಅಪಾರ ಗೌರವ. ಅವರಲ್ಲಿ ಒಬ್ಬರಾದರೂ ಗಾಳ ಹಾಕಿ ಕೂತವರೇ ಇರಬೇಕು.

ಅಧಿಕಾರಿ ಮತ್ತು ಪ್ರಯೋಜನ

ಶಾಸ್ತ್ರ ಬರೆಯುವವನು ಮೊದಲು ತನಗೇನು ಅಧಿಕಾರ ಎಂದು ಹೇಳಬೇಕು. ನಾನು ಮೈಸೂರಿನವನು, ಮೀನು ತಿನ್ನುವುದಿಲ್ಲ. ಮೀನಿನೊಂದಿಗೆ ನನ್ನ ಪೂರ್ವದ ವ್ಯವಹಾರವೆಲ್ಲ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆದಷ್ಟೇ. ಅಲ್ಲಿ ಮೀನು ತಾನಾಗಿ ಬರುತ್ತದೆ, ಬಾಯಿ ತೆರೆಯುತ್ತದೆ, ಯಾರೂ ಹಿಡಿಯುವಂತಿಲ್ಲ. ಇಂಥವನನ್ನು ದೋಣಿಯ ಮುಂದಿನ ಹಲಗೆಗೆ ಹತ್ತಿಸಿದವರು ಟೊರಾಂಟೋದ ನೆರೆಮನೆಯ ಕುಂದಾಪುರದ ಮಿತ್ರರು. ಅವರು ಹಿಂದೆ ಕೂತು ದೋಣಿಯ ದಿಕ್ಕು ನೋಡುತ್ತಾರೆ, ನಾನು ಮುಂದೆ ಕೂತು ಹುಟ್ಟು ಹಾಕುತ್ತೇನೆ. ರುಚಿಯ ಆಸೆಯಿಲ್ಲದವನಿಗೆ ಪಕ್ಷಪಾತವಿಲ್ಲ, ಪಕ್ಷಪಾತವಿಲ್ಲದವನೇ ಲಕ್ಷಣ ಹೇಳಬಲ್ಲ ಎಂಬುದು ನನ್ನ ವಾದ. “ತಿನ್ದೇ ಇಪ್ಪವ್ರಿಗೆ ಎಂತ ಗೊತ್ತಾತ್ತ್ ಮಾರಾಯ್ರೆ” ಎಂಬುದು ಅವರದು.

ಪರಂಪರೆಯ ಬಲವೂ ನನಗುಂಟು. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂದು ಗಾಳದ ಬೇಟೆಗೇ ಒಂದು ಅಧ್ಯಾಯ ಮೀಸಲಿಟ್ಟ. ಮೀನಿನ ಜಾತಿಗಳನ್ನೂ ಅವಕ್ಕೆ ಹಾಕಬೇಕಾದ ಆಹಾರವನ್ನೂ ವಿಂಗಡಿಸಿದ. ಆದರೆ ಅವನದು ಭಾವದ ಶಾಸ್ತ್ರ. ಅರಸ ಗಾಳ ಹಾಕಿದರೆ ಮೀನು ಬಾರದೆ ಇರುವ ಧೈರ್ಯ ಮಾಡುತ್ತಿರಲಿಲ್ಲವೇನೋ. ಅಭಾವದ ಭಾಗವನ್ನು ಪ್ರಜೆಗಳಿಗೆ ಬಿಟ್ಟುಹೋಗಿದ್ದಾನೆ.

ಪ್ರಯೋಜನದ ಬಗ್ಗೆ ಮನೆಯಾಕೆ ಎತ್ತಿದ ಪೂರ್ವಪಕ್ಷ ಹೀಗಿದೆ: “ಅಲ್ಲ ರೀ, ನೀವು ತಿನ್ನಲ್ಲ. ಅವರಿಗೆ ಬೇಕಾದ್ರೆ ಅಂಗಡೀಲಿ ಕ್ಲೀನ್ ಮಾಡಿಟ್ಟ ಟ್ರೌಟೇ ಸಿಗುತ್ತೆ. ನಾಲ್ಕು ದಿನ ಸೊಳ್ಳೆ ಕೈಲಿ ಕಚ್ಚಿಸಿಕೊಂಡು ಬರೀ ಕೈಲಿ ಬರೋದಕ್ಕೆ ರಜಾ ಯಾಕೆ?” ಅಂಗಡಿಯದು ಸಾಕಿದ ರೇನ್‌ಬೋ ಟ್ರೌಟ್, ಜಾತಿಯೇ ಬೇರೆ ಎಂದು ಸಮಾಧಾನ ಹೇಳಿದೆ. ಸಮಾಧಾನ ಆದದ್ದು ನನಗೊಬ್ಬನಿಗೇ.

ಲಕ್ಷಣ

ಹೆಸರಿನಲ್ಲೇ ತೊಡಕು ಶುರು. ಬ್ರೂಕ್ ಎಂದರೆ ತೊರೆ. ನಾವು ಹುಡುಕುವುದು ಸರೋವರದಲ್ಲಿ. ಟ್ರೌಟ್ ಎನ್ನುತ್ತಾರೆ, ಪ್ರಾಣಿಶಾಸ್ತ್ರದ ಪ್ರಕಾರ ಅದು ಟ್ರೌಟ್ ಅಲ್ಲ, ಚಾರ್ ಎಂಬ ದಾಯಾದಿ ಕುಲ. ಆಂಟಾರಿಯೋದವರು ‘ಸ್ಪೆಕಲ್ಡ್ ಟ್ರೌಟ್’ ಎಂದು ಕರೆದು, ಸಲಿಗೆಗೆ ‘ಸ್ಪೆಕ್’ ಮಾಡಿಕೊಂಡಿದ್ದಾರೆ. ಸರಿಯಾಗಿ ಹೆಸರಿಟ್ಟವರು ನ್ಯೂಯಾರ್ಕಿನ ವೈದ್ಯ ಸ್ಯಾಮುಯೆಲ್ ಮಿಚಿಲ್ ಒಬ್ಬರೇ: 1814ರಲ್ಲಿ ‘ಫಾಂಟಿನ್ಯಾಲಿಸ್’ ಎಂದರು, ಬುಗ್ಗೆಯಲ್ಲಿರುವಂಥದ್ದು ಎಂದು. ಶರದೃತುವಿನಲ್ಲಿ ಇದು ತಳದ ಜಲ್ಲಿಯಲ್ಲಿ ಅಂತರ್ಜಲ ಒಸರುವ ಜಾಗ ಹುಡುಕಿ ಮೊಟ್ಟೆಯಿಡುತ್ತದೆ. ಮೇಲೆ ಸರೋವರ ಕಲ್ಲಿನಂತೆ ಹೆಪ್ಪುಗಟ್ಟಿದರೂ ಒಸರುವ ನೀರಿನ ಹದ ಬದಲಾಗುವುದಿಲ್ಲ. ಮೊಟ್ಟೆ ಚಳಿಗಾಲ ದಾಟುತ್ತದೆ.

ಲಕ್ಷಣ ಹೇಳಿದರೆ ಮೂರು ದೋಷಗಳಿಂದ ತಪ್ಪಿಸಿಕೊಳ್ಳಬೇಕು. ‘ಕಪ್ಪು ಮೈಮೇಲೆ ತಿಳಿ ಚುಕ್ಕೆ ಇರುವುದು ಬ್ರೂಕ್ ಟ್ರೌಟ್’ ಎಂದರೆ, ಅದೇ ಕುಲದ ಲೇಕ್ ಟ್ರೌಟಿಗೂ ಅದು ಅನ್ವಯಿಸುತ್ತದೆ: ಅತಿವ್ಯಾಪ್ತಿ. ‘ನೀಲಿ ಬಳೆಯೊಳಗೆ ಕೆಂಪು ಚುಕ್ಕೆ ಇರುವುದು’ ಎಂದರೆ, ಉತ್ತರದ ಟೆಮಾಗಮಿ ಕಡೆಯ ಅರೋರಾ ಟ್ರೌಟ್ ಎದ್ದು ನಿಲ್ಲುತ್ತದೆ. ಅದೂ ಬ್ರೂಕ್ ಟ್ರೌಟೇ, ಮೈಮೇಲೆ ಚುಕ್ಕೆಗಳೇ ಅಪರೂಪ: ಅವ್ಯಾಪ್ತಿ. (ಆಮ್ಲಮಳೆಗೆ ಸಿಕ್ಕಿ 1960ರ ದಶಕದಲ್ಲಿ ತನ್ನ ಸ್ವಂತ ಸರೋವರಗಳಿಂದ ಅಳಿದುಹೋದ ಈ ಮೀನನ್ನು ಮರಿಸಾಕಣೆಯ ತೊಟ್ಟಿಗಳಲ್ಲಿ ಉಳಿಸಿ, 1990ರಲ್ಲಿ ಮನೆಗೆ ಕಳಿಸಿದರು. ಲಕ್ಷಣಕಾರರ ಬಾಯಿ ಮುಚ್ಚಿಸಲೆಂದೇ ಬದುಕಿದಂತಿದೆ.) ‘ಗಾಳ ಬಿದ್ದ ಕೂಡಲೇ ಕಚ್ಚುವುದು’ ಎಂಬ ಟೀವಿಯವರ ಲಕ್ಷಣಕ್ಕೆ ಮೂರನೆಯ ದೋಷ: ಅಸಂಭವ.

ಆದ್ದರಿಂದ ಸಿದ್ಧಾಂತ: ಯಾವುದರ ಅಭಾವಕ್ಕಾಗಿ ನೌಕರಿಯಲ್ಲಿರುವ ಮನುಷ್ಯ ದೋಣಿಯನ್ನು ತಲೆಯ ಮೇಲೆ ಹೊರುತ್ತಾನೋ ಅದು ಬ್ರೂಕ್ ಟ್ರೌಟ್. ಇದನ್ನು ಓದಿಹೇಳಿದಾಗ ಮಿತ್ರರು ಮೊದಲ ಬಾರಿಗೆ ಒಪ್ಪಿದರು. “ನಮ್ಮೂರಲ್ಲಿ ಕಾಣೆ ಅಂತ್ಲೇ ಒಂದ್ ಮೀನಿತ್ತ್. ಆದ್ರೆ ಅದ್ ಸಿಕ್ಕತ್ತ್. ಇಲ್ಲಿ ಎಲ್ಲಾ ಮೀನೂ ಕಾಣೆಯೇ.”

1. ಪ್ರಾಗಭಾವ

ಆದಿಯಿಲ್ಲ, ಅಂತ್ಯವುಂಟು. ಮೀನು ಇನ್ನೂ ಸಿಕ್ಕಿಲ್ಲ ಎಂಬ ಈ ಸ್ಥಿತಿ ಸೃಷ್ಟಿಯ ಮೊದಲಿಂದ ಇದೆ. ಮೀನು ಸಿಕ್ಕ ಕ್ಷಣ ಮುಗಿಯುತ್ತದೆ. ಇದರ ಒಳಭೇದ ಮೂರು.

ಮೊದಲನೆಯದು ಕಾಗದದ್ದು. ಒಳಕಾಡಿನಲ್ಲಿ ತಂಗಲು ಐದು ತಿಂಗಳು ಮೊದಲೇ ಜಾಗ ಕಾದಿರಿಸಬಹುದು. ಹಾಗಾಗಿ ಮೇ ತಿಂಗಳ ಮೀನಿನ ಅಭಾವ ಡಿಸೆಂಬರಿನಲ್ಲೇ, ಕಿಟಕಿಯಾಚೆ ಹಿಮ ಬೀಳುವಾಗ, ಅಧಿಕೃತವಾಗಿ ಶುರುವಾಗುತ್ತದೆ. ಗಾಳ ಹಾಕಲು ಲೈಸೆನ್ಸು ಬೇರೆ. ತಗಡಿನ ಡಬ್ಬಿ, ಗಾಜಿನ ಬಾಟಲಿ ಒಳಗೆ ಒಯ್ಯುವಂತಿಲ್ಲವೆಂದು ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಕ್ಕೆ ವರ್ಗಾಯಿಸಬೇಕು. ಅದು ದಾರಿಯಲ್ಲಿ ಸೋರಬೇಕು.

ಎರಡನೆಯದು ಹಿಮದ್ದು. ಏಪ್ರಿಲ್‌ನ ನಾಲ್ಕನೆಯ ಶನಿವಾರ ಟ್ರೌಟ್ ಹಿಡಿಯುವ ಕಾಲ ತೆರೆಯುತ್ತದೆ, ಸೆಪ್ಟೆಂಬರ್ 30ಕ್ಕೆ ಮುಚ್ಚುತ್ತದೆ. ಆದರೆ ಏಪ್ರಿಲ್ ಕೊನೆಯಲ್ಲಿ ಎಷ್ಟೋ ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ. ಕಾನೂನಿನ ದೃಷ್ಟಿಯಲ್ಲಿ ಸರೋವರ ತೆರೆದಿರುತ್ತದೆ, ಸರೋವರಕ್ಕೆ ಆ ಸುದ್ದಿ ತಲುಪಿರುವುದಿಲ್ಲ. ಗಡ್ಡೆ ಕರಗಿದ ಮೇಲಿನ ಕೆಲವು ವಾರ, ನೀರು ಮೇಲಿಂದ ಕೆಳಗಿನವರೆಗೆ ತಣ್ಣಗಿರುವಾಗ, ಟ್ರೌಟ್ ದಡದ ಹತ್ತಿರ, ಮೇಲ್ಮಟ್ಟದಲ್ಲೇ ಓಡಾಡುತ್ತದೆ. ಇದೇ ಸುಮುಹೂರ್ತ. ದುರದೃಷ್ಟಕ್ಕೆ ಕರಿನೊಣಗಳ ಪಂಚಾಂಗದಲ್ಲೂ ಸುಮಾರು ಇದೇ ಮುಹೂರ್ತ ಬಿದ್ದಿದೆ. ಹರಿಯುವ ನೀರಿನಲ್ಲಿ ಹುಟ್ಟುವ ಈ ಸಣ್ಣ ನೊಣ ಕೂದಲಂಚಿನಲ್ಲಿ, ಕಿವಿಯ ಹಿಂದೆ ಕೂತು ಕಚ್ಚುತ್ತದೆ. ಕಚ್ಚಿದಾಗ ತಿಳಿಯುವುದಿಲ್ಲ, ಕೈಯಾಡಿಸಿದಾಗ ಬೆರಳಿಗೆ ರಕ್ತ ಹತ್ತುತ್ತದೆ. ಒಟ್ಟಿನಲ್ಲಿ ಮೇ ತಿಂಗಳಲ್ಲಿ ಕಚ್ಚುವುದಂತೂ ಖಚಿತ, ಯಾರು ಯಾರನ್ನು ಎಂಬುದಷ್ಟೇ ವಿಚಾರಾರ್ಹ.

ಮೂರನೆಯದು ಭುಜದ್ದು. ಒಂದು ಸರೋವರದಿಂದ ಇನ್ನೊಂದಕ್ಕೆ ನೀರಿನ ದಾರಿ ಇಲ್ಲದ ಕಡೆ ದೋಣಿಯನ್ನು ಹೊತ್ತು ನಡೆಯಬೇಕು. ಇದಕ್ಕೆ ಪೋರ್ಟೇಜ್ ಎಂದು ಹೆಸರು. ಶುರುವಿನಲ್ಲಿ ಮರಕ್ಕೆ ಹೊಡೆದ ಹಳದಿ ಫಲಕದ ಮೇಲೆ ದೂರವನ್ನು ಮೀಟರಿನಲ್ಲಿ ಬರೆದಿರುತ್ತಾರೆ, ಕಿಲೋಮೀಟರಿನಲ್ಲಿ ಬರೆದರೆ ಜನ ವಾಪಸು ಹೋಗುತ್ತಾರೆಂದು ಕಾಣುತ್ತದೆ. ಇವುಗಳಲ್ಲಿ ಅತಿ ಉದ್ದದ್ದು ಡಿಕ್ಸನ್ ಮತ್ತು ಬಾನ್‌ಫೀಲ್ಡ್ ಸರೋವರಗಳ ನಡುವಿನದು, 5,305 ಮೀಟರ್. ಸಾಮಾನನ್ನು ಎರಡು ಸಲಕ್ಕೆ ಹೊರುವವನು ಹೋಗಿ, ಬಂದು, ಮತ್ತೆ ಹೋಗಬೇಕಾದ್ದರಿಂದ ಹೆಚ್ಚು ಕಡಿಮೆ 16 ಕಿ.ಮೀ. ನಡೆದಂತಾಯಿತು. ಇಂದಿನ ಕೆವ್ಲಾರ್ ದೋಣಿ 20 ಕೆ.ಜಿ. ಆಸುಪಾಸು, ಹಗುರ ಎನ್ನುತ್ತಾರೆ ಬಾಡಿಗೆಗೆ ಕೊಡುವವರು. ಅವರು ಹೇಳುವುದು ಅಂಗಡಿಯ ಅಂಗಳದಲ್ಲಿ. ಕಾಡಿನೊಳಗೆ, ದೋಣಿ ತಲೆಗೆ ಟೋಪಿಯಾಗಿ, ಕಣ್ಣಿಗೆ ಕಾಣುವುದು ತನ್ನ ಕಾಲಿನ ಮುಂದಿನ ಎರಡು ಗಜ ಕೆಸರು ಮಾತ್ರ. ಎರಡು ಕೈಯೂ ದೋಣಿಗೆ ಸೇರಿದ್ದು. ಕಿವಿಯ ಹಿಂದೆ ನೊಣ ಕೂತಿದೆ. ದೋಣಿಯ ಹೊಟ್ಟೆಯೊಳಗೆ ತನ್ನದೇ ಏದುಸಿರು ಗುಂಯ್‌ಗುಡುತ್ತದೆ. ಆಗ ಹಿಂದಿನಿಂದ ಮಿತ್ರರ ದನಿ: “ಇನ್ನೆಂತ, ಹತ್ರ ಬಂತ್.” ಎಂಟು ವರ್ಷದಲ್ಲಿ ಒಮ್ಮೆಯೂ ಹತ್ತಿರ ಬಂದಿರಲಿಲ್ಲ.

2. ಪ್ರಧ್ವಂಸಾಭಾವ

ಆದಿಯುಂಟು, ಅಂತ್ಯವಿಲ್ಲ. ಗಡಿಗೆ ಒಡೆದ ಕ್ಷಣದಿಂದ ಅದರ ಇಲ್ಲದಿರುವಿಕೆ ಶುರುವಾಗಿ ಅನಂತಕಾಲ ಇರುತ್ತದೆ. ತಪ್ಪಿಸಿಕೊಂಡ ಮೀನಿಗೆ ಇದಕ್ಕಿಂತ ಒಪ್ಪುವ ಲಕ್ಷಣವನ್ನು ಮೀನುಗಾರರೇ ಬರೆಯಲಾರರು.

ನಮ್ಮ ಮೊದಲ ಪ್ರವಾಸದಲ್ಲಿ, ಎಂಟು ವರ್ಷದ ಹಿಂದೆ, ಮಿತ್ರರ ಗಾಳದಿಂದ ದೋಣಿಯ ಅಂಚಿನಲ್ಲಿ ಒಂದು ಟ್ರೌಟ್ ಕಳಚಿಕೊಂಡಿತು. ಆ ಸಂಜೆ ಒಲೆಯ ಮುಂದೆ ಅದು ಮೂರು ಪೌಂಡು ಇತ್ತು. ಈಗ ಏಳಾಗಿದೆ, ವರ್ಷಕ್ಕೆ ಅರ್ಧ ಪೌಂಡಿನಂತೆ ಕ್ರಮವಾಗಿ ಬೆಳೆದಿದೆ. ಬ್ರೂಕ್ ಟ್ರೌಟಿನ ವಿಶ್ವದಾಖಲೆ ಆಂಟಾರಿಯೋದ ನಿಪಿಗನ್ ನದಿಯದೇ: ಡಾ. ಡಬ್ಲ್ಯು. ಜೆ. ಕುಕ್ ಹಿಡಿದ ಹದಿನಾಲ್ಕೂವರೆ ಪೌಂಡಿನದು. ಹಿಡಿದ ವರ್ಷ 1915 ಎಂದು ಒಂದು ಮತ, 1916 ಎಂದು ಇನ್ನೊಂದು. ತೂಕದಲ್ಲಿ ಮಾತ್ರ ಭೇದವಿಲ್ಲ. ನೂರು ವರ್ಷ ದಾಟಿದರೂ ಅದನ್ನು ಯಾರೂ ಮುರಿದಿಲ್ಲ. ಮಿತ್ರರ ಮೀನು ಇದೇ ಹದದಲ್ಲಿ ಬೆಳೆದರೆ ಇನ್ನು 15 ವರ್ಷಕ್ಕೆ ಸರಿಗಟ್ಟುತ್ತದೆ. ಬೆಳೆಯಲು ಅದಕ್ಕೆ ಬೇಕಾದದ್ದು ನೀರಲ್ಲ, ಕೇಳುವವರು.

ಒಳಭೇದಗಳನ್ನು ಚುಟುಕಾಗಿ ಹೇಳುತ್ತೇನೆ: ಮುಳುಗಿದ ದಿಮ್ಮಿಗೆ ಸುತ್ತಿಕೊಂಡು ತಂಗೂಸು ದಾರ ಹರಿದದ್ದು, ಹಿಡಿದು ದಾರಕ್ಕೆ ಪೋಣಿಸಿ ನೀರಿಗೆ ಇಳಿಬಿಟ್ಟದ್ದನ್ನು ರಾತ್ರಿ ಆಮೆ ಬಂದು ತಿಂದು, ತಲೆಯನ್ನಷ್ಟೇ ರಶೀದಿಯಂತೆ ಬಿಟ್ಟುಹೋದದ್ದು, ಬಾಣಲೆಯಲ್ಲಿ ಬೆಣ್ಣೆಯಲ್ಲಿ ಹುರಿದು ಮುಗಿದದ್ದು. ಈ ಕೊನೆಯದು ಮಿತ್ರರ ಪಾಲಿಗೆ ಎಂಟು ವರ್ಷದಲ್ಲಿ ಐದು ಸಲ ಒದಗಿದೆ. ಅದರ ಬಗ್ಗೆ ಅವರು ಒಂದು ಮಾತೂ ಆಡುವುದಿಲ್ಲ. ತಿಂದ ಮೀನಿಗೆ ಕಥೆಯಿಲ್ಲ ಎಂಬ ಉಪಸೂತ್ರವನ್ನು ಇದರಿಂದ ತೆಗೆದಿದ್ದೇನೆ.

ಈ ಕಾಡಿನಲ್ಲಿ ಅಂತ್ಯವಿಲ್ಲದ ಕಥೆ ಮೀನಿಗೆ ಮಾತ್ರ ಸೇರಿದ್ದಲ್ಲ. ಚಿತ್ರಕಾರ ಟಾಮ್ ಥಾಮ್ಸನ್ ಇಲ್ಲಿನ ಪೈನ್ ಮರಗಳನ್ನೂ ಬಡಗಣ ಬೆಳಕನ್ನೂ ಕೆನಡಾದ ಮನಸ್ಸಿನಲ್ಲಿ ನಿಲ್ಲಿಸಿದವನು. ಗಾಳದಲ್ಲೂ ಪಳಗಿದ ಕೈ, ಬೇರೆಯವರಿಗೆ ದಾರಿ ತೋರಿಸುವ ಕೆಲಸವನ್ನೂ ಮಾಡಿದ್ದ. 1917ರ ಜುಲೈ 8ರಂದು ಕನೂ ಲೇಕ್‌ನಲ್ಲಿ ದೋಣಿ ಇಳಿಸಿ ಹೋದ. ಎಂಟು ದಿನದ ಮೇಲೆ ಹೆಣ ತೇಲಿತು. ಆಕಸ್ಮಿಕವೋ, ಕೊಲೆಯೋ ಎಂದು ಇಂದಿಗೂ ವಾದ ನಡೆಯುತ್ತಿದೆ. ಆ ಸರೋವರದ ಮೇಲೆ ಹೋಗುವಾಗ ನಮ್ಮ ದೋಣಿಯಲ್ಲಿ ಮೀನಿನ ತೂಕದ ಮಾತು ಬರುವುದಿಲ್ಲ.

3. ಅತ್ಯಂತಾಭಾವ

ಮೂರು ಕಾಲಕ್ಕೂ ಇಲ್ಲದ್ದು. ಗಾಳಿಗೆ ಬಣ್ಣವಿಲ್ಲ ಎಂಬ ಹಾಗೆ. 1893ರಲ್ಲಿ ಸ್ಥಾಪನೆಯಾದ ಅಲ್ಗಾಂಕ್ವಿನ್ ಉದ್ಯಾನದ ವಿಸ್ತಾರ 7,600 ಚದರ ಕಿ.ಮೀ. ಮೀರುತ್ತದೆ. ಸರೋವರಗಳು 2,400ಕ್ಕೂ ಹೆಚ್ಚು, ಬ್ರೂಕ್ ಟ್ರೌಟ್ ಸಹಜವಾಗಿ ಇರುವಂಥವು ಸುಮಾರು 230. ಕಣ್ಣು ಮುಚ್ಚಿ ಒಂದರಲ್ಲಿ ಗಾಳ ಇಳಿಸಿದರೆ ಹತ್ತರಲ್ಲಿ ಒಂಬತ್ತು ಸಲ ಶುದ್ಧ ಅತ್ಯಂತಾಭಾವವೇ. ಇರುವ ಸರೋವರದ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಇಲ್ಲಿನ ಸಂಪ್ರದಾಯ. ದಡದಲ್ಲಿ ಎದುರಾದವರನ್ನು “ಎಲ್ಲಿ ಸಿಕ್ಕಿತು?” ಎಂದು ಕೇಳಿದರೆ “ನೀರಿನಲ್ಲಿ” ಎಂದು ನಗುತ್ತಾರೆ. ನಾನೂ ಈ ಪ್ರಕರಣದಲ್ಲಿ ಹೆಸರು ಹೇಳುವುದಿಲ್ಲ.

ಕೆಲವು ಅತ್ಯಂತಾಭಾವಗಳನ್ನು ಮನುಷ್ಯನೇ ತಯಾರಿಸಿದ್ದಾನೆ. 1890ರ ದಶಕದಲ್ಲಿ ಮರದ ವ್ಯಾಪಾರಿ ಜೆ. ಆರ್. ಬೂತ್ ಹಾಕಿಸಿದ ರೈಲುಹಾದಿ ಈ ಕಾಡನ್ನು ಸೀಳಿತು. ರೈಲಿನಲ್ಲಿ ಮರ ಹೋಯಿತು, ಪ್ರವಾಸಿಗರು ಬಂದರು. ಬಂದವರ ಸಂತೋಷಕ್ಕೆಂದು ಬಾಸ್ ಎಂಬ ಹೊರಗಿನ ಮೀನನ್ನು ಸರೋವರಗಳಿಗೆ ಬಿಟ್ಟರು. ಟ್ರೌಟಿಗೆ ನೆರೆಹೊರೆ ಒಗ್ಗುವುದಿಲ್ಲ. ಹೊಸ ಮೀನು ಬಂದ ನೀರಿನಲ್ಲಿ ಅದು ಸೊರಗುತ್ತದೆ. ಗಾಳಕ್ಕೆಂದು ಬಕೆಟ್ಟಿನಲ್ಲಿ ತಂದ ಜೀವಂತ ಮರಿಮೀನನ್ನು ಉಳಿದವೆಂದು ಸರೋವರಕ್ಕೆ ಚೆಲ್ಲಿಹೋದರೂ ಅದೇ ಗತಿ. ಅದಕ್ಕೇ ಇಂದು ಉದ್ಯಾನದೊಳಗೆ ಜೀವಂತ ಮರಿಮೀನಿನ ಎರೆ ನಿಷಿದ್ಧ, ಎರೆಹುಳುವಿಗೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಹೆಸರಿಗೆ ತಕ್ಕಂತೆ ನಡೆದುಕೊಂಡದ್ದು ಅದೊಂದೇ.

ಜುಲೈ ತಿಂಗಳ ಅಭಾವವನ್ನು ಇದರ ಜೊತೆ ಬೆರೆಸಬಾರದು. ಬೇಸಿಗೆಯಲ್ಲಿ ಮೇಲಿನ ನೀರು 20 ಡಿಗ್ರಿ ದಾಟಿತೆಂದರೆ ಟ್ರೌಟ್ ಅಲ್ಲಿ ನಿಲ್ಲುವುದಿಲ್ಲ. ಆಳಕ್ಕೆ, ಬುಗ್ಗೆ ಒಸರುವ ಕಡೆಗೆ ಇಳಿದು ಅಲ್ಲೇ ಉಳಿಯುತ್ತದೆ. ಅಭಾವಕ್ಕೆ ಅಧಿಕರಣ ಹೇಳಬೇಕು, ಎಲ್ಲಿ ಇಲ್ಲ ಎಂದು, ಎಂಬುದು ತಾರ್ಕಿಕರ ಹಟ. “ಮೀನಿಲ್ಲ” ಎಂದು ಗೊಣಗುವ ಮೀನುಗಾರ ಅಧಿಕರಣ ಬಿಟ್ಟು ಮಾತಾಡುತ್ತಿರುತ್ತಾನೆ. ಮೀನು ಇದೆ, ಅವನ ಗಾಳಕ್ಕಿಂತ ಮೂವತ್ತಡಿ ಕೆಳಗೆ, ತಣ್ಣಗೆ.

4. ಅನ್ಯೋನ್ಯಾಭಾವ

ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಗಾಳಕ್ಕೆ ಏನೋ ಸಿಕ್ಕಿದೆ, ಅದು ಟ್ರೌಟ್ ಅಲ್ಲ. ನನ್ನ ಎಂಟು ವರ್ಷದ ಸಂಪಾದನೆ ಪೂರ್ತಿ ಈ ವರ್ಗದ್ದು. ಏರಿಕೆಯ ಕ್ರಮದಲ್ಲಿ: ಸೀಡರ್ ಮರದ ಬೇರು, ಬೇರೊಬ್ಬರು ಕಳೆದುಕೊಂಡ ಸ್ಪಿನ್ನರ್, ಗೇಣುದ್ದದ ಪರ್ಚ್, ಮಿತ್ರರ ಟೋಪಿ, ಒಮ್ಮೆ ಟೋಪಿಯ ಕೆಳಗಿನ ಕಿವಿ. ಕಿವಿಯ ವಿಷಯದಲ್ಲಿ ಅವರು ಅಂದ ಮಾತು ಶಾಸ್ತ್ರಗ್ರಂಥದಲ್ಲಿ ಬರೆಯುವಂಥದ್ದಲ್ಲ.

ವರ್ಗೀಕರಣಕ್ಕೆ ನಿಜವಾದ ತಲೆನೋವು ಸ್ಪ್ಲೇಕ್. ಹೆಣ್ಣು ಲೇಕ್ ಟ್ರೌಟಿಗೂ ಗಂಡು ಸ್ಪೆಕಲ್ಡ್ ಟ್ರೌಟಿಗೂ ಮರಿಸಾಕಣೆಯವರು ಮಾಡಿಸಿದ ಮದುವೆಯ ಸಂತಾನ. ಹೆಸರನ್ನೂ ಎರಡೂ ಮನೆತನದಿಂದ ಅರ್ಧರ್ಧ ತೆಗೆದು ಅಂಟಿಸಿದ್ದಾರೆ. ಬಾಲದ ಕವಲು ಲೇಕ್ ಟ್ರೌಟಿನಷ್ಟು ಆಳವಿಲ್ಲ, ಬ್ರೂಕ್ ಟ್ರೌಟಿನಂತೆ ಚೌಕವೂ ಇಲ್ಲ. ಇದು ಟ್ರೌಟೂ ಹೌದು, ಅಲ್ಲವೂ ಹೌದು. ಜೈನರ ಸ್ಯಾದ್ವಾದಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದೇನೆ.

ಉಪಸಂಹಾರ

ಇಲ್ಲಿಗೆ ಗ್ರಂಥ ಮುಗಿಯಬೇಕಿತ್ತು. ಈ ವರ್ಷದ ಪ್ರವಾಸದ ಕೊನೆಯ ಸಂಜೆ ಅದನ್ನು ಕೆಡಿಸಿತು.

ಗಾಳಿ ಬಿದ್ದಿತ್ತು. ನೀರಿನ ಮೇಲೆ ಕೆಂಪು ಪೈನುಗಳು ತಲೆಕೆಳಗಾಗಿ ನಿಂತಿದ್ದವು. ಸಣ್ಣ ತೊರೆಯೊಂದು ಸರೋವರ ಸೇರುವ ಬಾಯಲ್ಲಿ ಮಿತ್ರರು ಸದ್ದಾಗದಂತೆ ಹುಟ್ಟು ಹಾಕುತ್ತಿದ್ದರು. ಗಾಳದ ಕೋಲನ್ನು ನಾನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ನಾಳೆ ಹೊರಬೇಕಾದ ದೋಣಿಯ ಬಗ್ಗೆ ಯೋಚಿಸುತ್ತಿದ್ದೆ. ಕೋಲಿನ ತುದಿ ಎರಡು ಸಲ ನಡುಗಿ, ಮೂರನೆಯ ಸಲ ಬಾಗಿತು. ಬೇರು ಎಂದುಕೊಂಡೆ. ಬೇರು ಎಡಕ್ಕೆ ಓಡಿತು.

“ಕೈ ಒದ್ದೆ ಮಾಡ್ಕಣಿ! ಒಣ ಕೈಯಲ್ಲಿ ಮುಟ್ಬೇಡಿ!” ಎಂದು ಮಿತ್ರರು ಹಿಂದಿನಿಂದ ಕೂಗಿದರು. ನೀರಲ್ಲಿ ಕೈ ಅದ್ದಿ ಹಿಡಿದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು. ತಣ್ಣಗೆ, ಒಂದೇ ಸ್ನಾಯುವಿನಂತೆ ಬಿಗಿಯಾಗಿತ್ತು. ಬೆನ್ನಿನ ಹಸಿರು ಕಂದಿನ ಮೇಲೆ ಗೆದ್ದಲು ತಿಂದ ಓಲೆಗರಿಯಂತೆ ಸೊಟ್ಟಸೊಟ್ಟ ಗೆರೆಗಳು. ಪಕ್ಕದಲ್ಲಿ ನೀಲಿ ಬಳೆಯೊಳಗೆ ಕೆಂಪು ಚುಕ್ಕೆ, ಕುಂಕುಮ ಇಟ್ಟ ಬೆರಳು ಈಗಷ್ಟೇ ತೆಗೆದಂತೆ. ಕೆಳಗಿನ ಈಜುರೆಕ್ಕೆಗೆ ಕಿತ್ತಳೆ ಒಡಲು, ಕಪ್ಪು ಗೆರೆ, ಅದರಾಚೆ ಹಾಲುಬಿಳಿ ಅಂಚು. ಲಕ್ಷಣದ ಭಾಗದಲ್ಲಿ ಬರೆದದ್ದೆಲ್ಲ ಇತ್ತು, ಆದರೆ ಬರೆಯುವಾಗ ಇದು ಕಂಡಿರಲಿಲ್ಲ. ಇಕ್ಕಳದಿಂದ ಗಾಳ ಬಿಡಿಸಿದೆ. ಮೀನನ್ನು ನೀರಿನೊಳಗೇ ಹಿಡಿದುಕೊಂಡೆ. ಅದು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ತುಂಗೆಯ ಮೆಟ್ಟಿಲಲ್ಲಿ ಕೂತವನ ಕೈ ಅದು, ತಾನಾಗಿ ಬಿಚ್ಚಿಕೊಂಡಿತು.

ತುಂಬ ಹೊತ್ತು ದೋಣಿಯಲ್ಲಿ ಮಾತಿರಲಿಲ್ಲ. ನಾಲ್ಕು ದಿನದಲ್ಲಿ ಸಿಕ್ಕ ಒಂದೇ ಮೀನು, ಒಬ್ಬರ ಊಟ.

“ಇದು ನಾಲ್ಕರಲ್ಲಿ ಯಾವುದಕ್ಕೂ ಸೇರಲ್ಲ” ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು. “ಇನ್ನೂ ಸಿಕ್ಕಿಲ್ಲ ಅನ್ನೋ ಹಾಗಿಲ್ಲ, ನಾಶವಾಗಿಲ್ಲ, ಇಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೂ ಇಲ್ಲ, ಬೇರೆ ಮೀನೂ ಅಲ್ಲ. ಕೆಲವು ತಾರ್ಕಿಕರು ಐದನೆಯದೊಂದು ಹೇಳ್ತಾರೆ, ಸಾಮಯಿಕಾಭಾವ ಅಂತ. ಗಡಿಗೆ ಒಡೆದಿಲ್ಲ, ಎತ್ತಿ ಬೇರೆ ಕಡೆ ಇಟ್ಟಿದೆ, ಮತ್ತೆ ಇಲ್ಲಿಗೇ ಬರಬಹುದು. ಉಳಿದವರು ಅದನ್ನ ಒಪ್ಪಲ್ಲ.”

“ಉಳಿದವರಿಗೆ ಹಸಿವಾಗಿತ್ತ್ ಕಾಣತ್ತ್” ಎಂದರು ಮಿತ್ರರು.

ದಡದಲ್ಲಿ ಎಂಟಿಆರ್ ಬಿಸಿಬೇಳೆಬಾತಿನ ಪೊಟ್ಟಣವನ್ನು ಕುದಿಯುವ ನೀರಿಗೆ ಹಾಕಿ, ಬೆನ್ನು ತಿರುಗಿಸಿ ಕೂತು ಉಂಡರು. ಉಪ್ಪಿನಕಾಯಿ ಕೇಳಲಿಲ್ಲ.

ಮಾರನೆಯ ಬೆಳಗ್ಗೆ ನಕ್ಷೆ ಮಡಚುವಾಗ ನೋಡಿದೆ. ಆ ತೊರೆಯ ಬಾಯಿಯ ಹತ್ತಿರ ಪೆನ್ಸಿಲಿನಲ್ಲಿ ಸಣ್ಣದೊಂದು ಗಡಿಗೆ ಬರೆದಿದ್ದರು.